ಹುಳವಿಲ್ಲದ ಹೊಂಡ

ನೀರಿನಲ್ಲಿ ಹುಳ ಇಲ್ಲ ಎಂದು ಚೀಟಿ ಬರೆದುಕೊಟ್ಟು ಒಂದು ಊರನ್ನೇ ಹಾಸಿಗೆ ಹಿಡಿಸಿದವನು ನಾನು. ನೀರು ಪರೀಕ್ಷೆಯ ಕೆಲಸಕ್ಕೆ ಹೊಸದಾಗಿ ಸೇರಿದವರು ಆಗೀಗ ನಮ್ಮ ಮನೆಗೆ ಬರುತ್ತಾರೆ. "ನಿಮ್ಮ ಕಾಲದಾಗ ಹ್ಯಾಂಗಿತ್ರಿ?" ಎಂದು ಕೇಳುತ್ತಾರೆ. ಬಡ್ತಿ, ಬದಲಿ, ಕೊನೆಯ ದಿನದ ಹಾರ ತುರಾಯಿ ಇವೆಲ್ಲ ಎಲ್ಲರ ನೌಕರಿಯಲ್ಲೂ ಇರುವಂಥವು. ನನಗೆ ಹೇಳಬೇಕೆನಿಸುವುದು ಆ ಹೊಂಡದ ಸಂಗತಿ. ಅದರಲ್ಲಿ ನಾನು ಎರಡು ಸಲ ದಾರಿ ತಪ್ಪಿದೆ. ಎರಡನೆಯ ಸಲ ತಪ್ಪಿದ್ದು ಮೊದಲನೆಯ ಸಲ ಕಲಿತ ಪಾಠದಿಂದಲೇ.

ಐವತ್ತರ ದಶಕದ ಮೊದಲ ವರ್ಷಗಳು. ನಮ್ಮ ಸೀಮೆ ಇನ್ನೂ ಮುಂಬೈ ಸರಕಾರದ ಕೆಳಗಿತ್ತು. ನಾನು ನರೇಗಲ್ಲಿನವನು, ಹೆಸರು ಶಂಕ್ರಪ್ಪ. ಮ್ಯಾಟ್ರಿಕ್ ಮುಗಿಸಿ ಆರು ತಿಂಗಳ ತರಬೇತಿ ಪಡೆದು ರೋಣದಲ್ಲಿ ನೀರು ಪರೀಕ್ಷೆಯ ಸಹಾಯಕನಾಗಿ ಸೇರಿದೆ. ಎರಡು ಖೋಲಿಯ ಆಫೀಸು. ಒಂದರಲ್ಲಿ ಕುರ್ಚಿ ಮೇಜು, ಇನ್ನೊಂದರಲ್ಲಿ ಗಾಜಿನ ಕೊಳವೆಗಳು ಮತ್ತು ಚಿಮಣಿ ಎಣ್ಣೆಯ ದೀಪದಿಂದ ಬೆಚ್ಚಗಾಗುವ ಒಂದು ಪೆಟ್ಟಿಗೆ. ರೋಣ, ನರಗುಂದ, ಗಜೇಂದ್ರಗಡದ ಕಡೆಯ ಊರುಗಳೆಲ್ಲ ನಮಗೆ ಸೇರಿದ್ದವು.

ಎರೆ ಸೀಮೆಯ, ಅಂದರೆ ಕರಿಮಣ್ಣಿನ ಸೀಮೆಯ, ಬಾವಿ ನೀರು ಸವುಳು, ಉಪ್ಪುಪ್ಪು. ಬೇಳೆ ಬೇಯುವುದಿಲ್ಲ, ಸಾಬೂನು ನೊರೆ ಬರುವುದಿಲ್ಲ. ಅದಕ್ಕೇ ಜನ ಮಳೆ ನೀರು ನಿಂತ ಕೆರೆ, ಹೊಂಡಗಳ ಸಿಹಿ ನೀರಿಗೆ ಜೋತುಬಿದ್ದಿದ್ದರು. ಆ ನೀರಿಗೆ ಇಳಿದು ಕಾಲು ತೊಳೆಯುವವರು, ದನಗಳ ಮೈ ತೊಳೆಯುವವರು, ಕೊಡ ತುಂಬುವವರು ಎಲ್ಲ ಒಂದೇ ಮೆಟ್ಟಿಲಲ್ಲಿ. ನಾನು ಸೈಕಲ್ಲಿನ ಮೇಲೋ ಬಸ್ಸಿನಲ್ಲೋ ಹೋಗಿ, ಕುದಿಸಿ ಶುದ್ಧ ಮಾಡಿದ ಗಾಜಿನ ಬಾಟ್ಲಿಯಲ್ಲಿ ನೀರು ತುಂಬಿ, ಕಟ್ಟಿಗೆ ಹೊಟ್ಟಿನಲ್ಲಿ ಹುದುಗಿಸಿದ ಬರ್ಫದ ನಡುವೆ ಇಟ್ಟು ತರಬೇಕು. ಗದಗದಿಂದ ಬರುವ ಬರ್ಫ ಅರ್ಧ ದಾರಿಗೇ ಕರಗುತ್ತಿತ್ತು. ಎಷ್ಟೋ ಸಲ ಹಸೀ ಹೊಟ್ಟಷ್ಟೇ ಪೆಟ್ಟಿಗೆಯಲ್ಲಿ ಉಳಿದಿರುತ್ತಿತ್ತು.

ಪರೀಕ್ಷೆ ಹೇಳುವಷ್ಟಕ್ಕೆ ಸುಲಭ. ನೇರಳೆ ಬಣ್ಣದ ಒಂದು ಸಾರು, ಅದರೊಳಗೆ ತಲೆಕೆಳಗಾಗಿ ಇಟ್ಟ ಒಂದು ಪುಟ್ಟ ಕೊಳವೆ. ಅದಕ್ಕೆ ನೀರು ಹಾಕಿ ಎರಡು ದಿನ ಬೆಚ್ಚಗೆ ಇಡಬೇಕು. ಹೊಟ್ಟೆಯಿಂದ ಬಂದ ಹುಳ, ಅಂದರೆ ಬ್ಯಾಕ್ಟೀರಿಯಾ, ನೀರಿನಲ್ಲಿದ್ದರೆ ಸಾರು ಹಳದಿಯಾಗುತ್ತದೆ, ಪುಟ್ಟ ಕೊಳವೆಯಲ್ಲಿ ಗಾಳಿಗುಳ್ಳೆ ನಿಲ್ಲುತ್ತದೆ. ಹಳದಿಯಾದರೆ ನೀರು ಕೆಟ್ಟದ್ದು, ನೇರಳೆ ಉಳಿದರೆ ಚಲೋದು. ಎರಡು ವರ್ಷದಲ್ಲಿ ನಾನು ನೇರಳೆ ಉಳಿದ ಕೊಳವೆಯನ್ನು ಕಂಡದ್ದು ತೀರಾ ಅಪರೂಪ.

ನಮ್ಮ ಸಾಹೇಬರು ನಾಡಕರ್ಣಿ ಡಾಕ್ಟರು. ಕಾರವಾರದ ಕಡೆಯವರು, ಮಿತಭಾಷಿ. ಒಣ ಸೀಮೆಯ ಬಿಸಿಲಿಗೆ ಕೊನೆಯವರೆಗೂ ಒಗ್ಗಲಿಲ್ಲ. ನಾನು ತಂದ ಕೊಳವೆಗಳನ್ನು ಕಿಟಕಿಯ ಬೆಳಕಿಗೆ ಹಿಡಿದು, "ಕೊಳವೆ ಸುಳ್ಳು ಹೇಳೂದಿಲ್ಲ ಶಂಕ್ರಪ್ಪ. ಸುಳ್ಳು ಹೇಳೋರು ನಾವು," ಎನ್ನುತ್ತಿದ್ದರು. ಆ ಮಾತನ್ನು ನಾನು ಗಟ್ಟಿಯಾಗಿ ನಂಬಿದ್ದೆ.

ಗಜೇಂದ್ರಗಡದ ಗುಡ್ಡದ ಆಚೆಗೆ ಒಂದು ಸಣ್ಣ ಊರಿದೆ. ಅಲ್ಲಿನವರ ಮೊಮ್ಮಕ್ಕಳು ಈಗಲೂ ಇದ್ದಾರೆ, ಊರಿನ ಹೆಸರು ಬರೆಯುವುದಿಲ್ಲ. ನೇಕಾರರ ಮನೆಗಳು ಹೆಚ್ಚು, ಊರ ತಗ್ಗಿನಲ್ಲಿ ಒಂದು ಹೊಂಡ. ಅದರ ನೀರು ತಂದು ಪರೀಕ್ಷೆ ಮಾಡಿದೆ. ಐದಕ್ಕೆ ಐದೂ ಕೊಳವೆ ನೇರಳೆ ಉಳಿದವು. ಬಾಟ್ಲಿ ಬದಲಾಯಿತೇನೋ ಅಂದುಕೊಂಡು ಮತ್ತೆ ಹೋಗಿ ತಂದೆ. ಮತ್ತೆ ನೇರಳೆ. ಮೂರನೆಯ ಸಲ ಸಾಹೇಬರೇ ಬಂದು ತಮ್ಮ ಕೈಯಿಂದ ತುಂಬಿದರು. ಅದೂ ನೇರಳೆ. ದನ ಇಳಿಯುವ ಹೊಂಡದಲ್ಲಿ ಹುಳವೇ ಇಲ್ಲ! ಗುಡ್ಡದ ಕಲ್ಲಿನಲ್ಲಿ ಸೋಸಿ ಬರುತ್ತಿರಬೇಕು ಎಂದು ಸಾಹೇಬರು ಊಹಿಸಿದರು. ಚೀಟಿ ಬರೆದೆವು. ಚಾವಡಿಯ ಗೋಡೆಯ ಮೇಲೆ ನಾನೇ ಸುಣ್ಣದಲ್ಲಿ "ಈ ಹೊಂಡದ ನೀರು ಕುಡಿಯಲು ಉತ್ತಮ" ಎಂದು ಬರೆದೆ. ಅಲ್ಲಿಯವರೆಗೆ ದನ ಇಳಿಯುವ ನೀರು ಬೇಡವೆಂದು ಊರಿನ ಹೆಚ್ಚಿನವರು ಬಾವಿಯ ಸವುಳು ನೀರನ್ನೇ ಕುಡಿಯುತ್ತಿದ್ದರು. ನನ್ನ ಬರಹ ನೋಡಿ ಬಹುತೇಕ ಎಲ್ಲರೂ ಹೊಂಡಕ್ಕೆ ಬಂದರು.

ನಾಲ್ಕು ತಿಂಗಳಾಗಿರಬಹುದು. ಆ ಊರಿನ ಜನ ವಾಂತಿ, ಹೊಟ್ಟೆನೋವು ಎಂದು ದವಾಖಾನೆಗೆ ಬರುತ್ತಿದ್ದಾರೆ, ನೀರು ನೋಡಿ ಎಂದು ಅಲ್ಲಿಂದ ಚೀಟಿ ಬಂತು. ಓಡಿದೆ. ನೀರು ತಂದೆ. ನೇರಳೆ! ಹಾಗಾದರೆ ನೀರಲ್ಲ, ಊಟದಲ್ಲಿ ಏನೋ ಇದೆ ಎಂದು ಹುಡುಕಲು ನಿಂತೆ. ಅಂಗಡಿಕಾರ ವೀರಭದ್ರಪ್ಪನ ಶೇಂಗಾ ಎಣ್ಣೆಯ ಮೇಲೆ ನನ್ನ ಕಣ್ಣು ಬಿತ್ತು. ನಾಲ್ಕು ಜನರ ಎದುರು, "ಈ ಎಣ್ಣಿ ಮಾರಬ್ಯಾಡ್ರಿ," ಎಂದುಬಿಟ್ಟೆ.

ಆತ ಒಂದು ಮಿಳ್ಳೆ ಎಣ್ಣೆಯನ್ನು ನನ್ನೆದುರೇ ರೊಟ್ಟಿಯ ಮೇಲೆ ಸುರುವಿಕೊಂಡು ತಿಂದ. ಮರುದಿನ ಆತನಿಗೆ ಏನೂ ಆಗಲಿಲ್ಲ. ಆತನ ಮನೆಯವರು ಹೊಂಡದ ನೀರು ಕುಡಿಯುತ್ತಿರಲಿಲ್ಲ ಎಂಬುದನ್ನು ನಾನು ಕೇಳಲೇ ಇಲ್ಲ. ಮುಂದೆ ಬಹಳ ದಿನ ನನ್ನನ್ನು ಕಂಡರೆ ಆತ ಮುಖ ತಿರುಗಿಸುತ್ತಿದ್ದ. ತಪ್ಪು ನನ್ನದೇ.

ಅದೇ ದಿನಗಳಲ್ಲಿ ಗಂಗವ್ವನ ಪರಿಚಯವಾಯಿತು. ಹೊಂಡದ ದಂಡೆಯ ಮೇಲಿನ ಮನೆ, ಐವತ್ತು ದಾಟಿದ ಹೆಂಗಸು, ಮಗ್ಗಕ್ಕೆ ನೂಲು ಸುತ್ತಿಕೊಡುತ್ತಿದ್ದಳು. ಆಕೆಯ ಮಗಳು ನೀಲವ್ವ ಚೊಚ್ಚಲ ಬಾಣಂತನಕ್ಕೆ ತವರಿಗೆ ಬಂದಿದ್ದಳು. ತಿಂದದ್ದು ಒಂದೂ ನಿಲ್ಲುತ್ತಿರಲಿಲ್ಲ. ಬಸುರಿಯ ವಾಂತಿ ಎಂದು ಎಲ್ಲರೂ ಸುಮ್ಮನಿದ್ದರು. ಆದರೆ ಏಳು ತಿಂಗಳು ತುಂಬಿದರೂ ಅದು ನಿಂತಿರಲಿಲ್ಲ. ನಾನು ನೋಡಿದಾಗ ಆ ಹುಡುಗಿ ಗೋಡೆಗೆ ಒರಗಿ ಕೂತಿದ್ದಳು. ಕೈಯ ಬಳೆಗಳು ಮೊಣಕೈವರೆಗೆ ಜಾರುವಷ್ಟು ಸೊರಗಿದ್ದಳು.

ನಾನು ಬಾಟ್ಲಿ ತುಂಬುತ್ತಿದ್ದಾಗ ಗಂಗವ್ವ ಮೆಟ್ಟಿಲ ಮೇಲೆ ಬಂದು ನಿಂತಳು.

"ತಮ್ಮಾ, ಬಂದಾಗೊಮ್ಮೆ ಬಾಟ್ಲಿ ತುಂಬಕೊಂಡ ಹೊಕ್ಕಿ. ನನ್ನ ಅಂಬಲಿ ನೋಡತಿ ಏನ?"

"ಅಂಬಲಿಗೆ ಏನಾಗೇತಿ ಯವ್ವಾ?"

"ಹುಳಿ ಬರವಲ್ದು. ಹಾಲಿಗೆ ಈ ನೀರ ಬೆರಸಿ ಹೆಪ್ಪ ಹಾಕಿದ್ರ ಮಸರೂ ಆಗವಲ್ದು. ಸವುಳ ಬಾವಿ ನೀರಾಗ ಹಿಟ್ಟ ಕಲಿಸಿಟ್ರ ಮುಂಜಾನಿಗೆ ಘಮ್ ಅಂತ ಹುಳಿ ಬಂದಿರತೈತಿ. ನಿನ್ನ ಈ ಚಲೋ ನೀರಾಗ ಬರಂಗಿಲ್ಲ. ಹಿಂಗ್ಯಾಕ?"

ನನಗೆ ನಗು ಬಂತು. ಬಸ್ಸಿನಲ್ಲಿ ಕೂತ ಮೇಲೆ ಆ ನಗು ನಿಂತಿತು. ಅಂಬಲಿಗೆ ಹುಳಿ ಬರಿಸುವುದೂ ಹುಳವೇ, ಹಾಲನ್ನು ಮೊಸರು ಮಾಡುವುದೂ ಹುಳವೇ. ತರಬೇತಿಯಲ್ಲಿ ಕಲಿತಿದ್ದೆ. ಆ ಹುಳ ಹೊಂಡದ ನೀರಿನಿಂದ ಬರುವುದಿಲ್ಲ, ಹಿಟ್ಟಿನಿಂದಲೂ ಹೆಪ್ಪಿನಿಂದಲೂ ಬರುತ್ತದೆ. ಅವೇಕೆ ಬೆಳೆಯುತ್ತಿಲ್ಲ? ಹುಳ ಇಲ್ಲದ ನೀರು ಬೇರೆ, ಹುಳ ಬದುಕಲಾರದ ನೀರು ಬೇರೆಯೇನು?

ಮಾರನೆಯ ದಿನ ಸಾಹೇಬರಿಗೆ ಹೇಳದೆ ಒಂದು ಆಟ ಹೂಡಿದೆ. ಆಫೀಸಿನ ಹಿಂದಿನ ಬಾವಿಯ ನೀರು ಯಾವಾಗಲೂ ಸಾರನ್ನು ಹಳದಿ ಮಾಡುತ್ತಿತ್ತು. ಅದಕ್ಕೆ ಅಷ್ಟೇ ಹೊಂಡದ ನೀರು ಬೆರೆಸಿ ಒಂದು ದಿನ ಬಿಟ್ಟು, ಆಮೇಲೆ ಕೊಳವೆಗೆ ಹಾಕಿದೆ. ನೇರಳೆ ಉಳಿಯಿತು. ಹೊಂಡದ ನೀರು ಬಾವಿಯ ಹುಳಗಳನ್ನೂ ಹಿಡಿದು ಹಾಕಿತ್ತು. ಆಮೇಲೆ ಹೊಂಡದ ನೀರಿಗೆ ಕುದಿಸಿ ಆರಿಸಿದ ನೀರನ್ನು ಧಾರಾಳ ಬೆರೆಸಿ, ತೆಳ್ಳಗೆ ಮಾಡಿ ಹಾಕಿದೆ. ಸಾರು ಹಳದಿಯಾಗಿ ಗಾಳಿಗುಳ್ಳೆ ನಿಂತಿತ್ತು. ಕುದಿಸಿದ ನೀರಿನಲ್ಲಿ ಹುಳ ಇರುವುದಿಲ್ಲ, ಅಂದರೆ ಹೊಂಡದಲ್ಲಿ ಹುಳ ಮೊದಲಿಂದಲೂ ಇದ್ದವು. ಏನೋ ಅವುಗಳ ಬಾಯಿ ಕಟ್ಟಿ ಕೂರಿಸಿತ್ತು. ನೀರು ಹೆಚ್ಚಾದಾಗ ಕಟ್ಟು ಸಡಿಲಾಗಿ ಎದ್ದಿದ್ದವು.

ಕೊಳವೆಗಳನ್ನು ಸಾಹೇಬರ ಮುಂದಿಟ್ಟೆ. ಅವರು ಒಂದೊಂದನ್ನೇ ಕಿಟಕಿಯ ಬೆಳಕಿಗೆ ಹಿಡಿದು ನೋಡಿದರು.

"ಹೊಂಡದ ಮೇಲ್ಗಡೆ ಏನಿದೆ?"

"ಬಣ್ಣದ ಬಸಲಿಂಗಪ್ಪನ ಹಿತ್ತಲ ಐತ್ರಿ. ನೂಲಿನ ಲಡಿಗೆ ಬಣ್ಣ ಹಾಕತಾರ."

"ನಡಿ."

ಬಸಲಿಂಗಪ್ಪ ದೊಡ್ಡ ಮನುಷ್ಯನೇನಲ್ಲ. ನಾಲ್ಕು ಕಡಾಯಿ, ಎರಡು ಒಲೆ, ಮೊಣಕೈವರೆಗೆ ನೀಲಿ ಹತ್ತಿದ ಕೈಗಳು. ಬಣ್ಣ ಬಿಸಿಲಿಗೆ ಮಾಸಬಾರದೆಂದು ಕೊನೆಗೆ ಲಡಿಗಳನ್ನು ಮೈಲುತುತ್ತದ ನೀರಿನಲ್ಲಿ ಅದ್ದುತ್ತಿದ್ದ. ಮೈಲುತುತ್ತ ಅಂದರೆ ತಾಮ್ರದ ಉಪ್ಪು. ಉಳಿದ ನೀರು ಮೋರಿಯ ಗುಂಟ ಹರಿದು ಹೊಂಡಕ್ಕೆ ಸೇರುತ್ತಿತ್ತು. ಸಾಹೇಬರು ಒಂದು ಕಬ್ಬಿಣದ ಮೊಳೆಯನ್ನು ಕಲ್ಲಿಗೆ ತಿಕ್ಕಿ ಹೊಳಪು ಮಾಡಿ ಮೋರಿಯ ನೀರಿನಲ್ಲಿ ಮುಳುಗಿಸಿದರು. ತುಸು ಹೊತ್ತಿನಲ್ಲಿ ಮೊಳೆ ತಾಮ್ರದ ಬಣ್ಣಕ್ಕೆ ತಿರುಗಿತು. ಆಮೇಲೆ ಹೊಂಡದ ನೀರನ್ನು ಪಿಂಗಾಣಿ ಬಟ್ಟಲಲ್ಲಿ ಕಾಸಿ ಕಾಸಿ ತಳಕ್ಕಿಳಿಸಿ ಅಮೋನಿಯಾ ಹನಿ ಹಾಕಿದೆವು. ಕಡು ನೀಲಿಯಾಯಿತು, ಅದು ತಾಮ್ರದ ಗುರುತು.

ಬಸಲಿಂಗಪ್ಪ ಮೊಳೆಯನ್ನು ಕೈಯಲ್ಲಿ ಹಿಡಿದುಕೊಂಡು ನಿಂತೇಬಿಟ್ಟ. "ಸಾಹೇಬ್ರ, ನಾನೂ ಅದ ನೀರ ಕುಡಿತೇನ್ರಿ. ನನ್ನ ಹೆಂಡತಿ ತಿಂಗಳಿಂದ ಹೊಟ್ಟಿ ಹಿಡಕೊಂಡ ಮಲಗ್ಯಾಳ. ಮೊದಲ ನಾವು ಬಾವಿ ನೀರಽ ಕುಡೀತಿದ್ವಿ. ಗ್ವಾಡಿ ಮ್ಯಾಲ ಇವರು ಬರದ್ರು ಅಂತ ಹೊಂಡಕ್ಕ ಬಂದ್ವಿ."

"ಇವರು" ಅಂದರೆ ನಾನು. ಆತ ಬೈದಿದ್ದರೆ ಚಲೋ ಇತ್ತು, ಬೈಯಲಿಲ್ಲ. ಅಂದೇ ಚಾವಡಿಗೆ ಹೋಗಿ ನನ್ನ ಬರಹದ ಮೇಲೆ ನಾನೇ ಸುಣ್ಣ ಬಳಿದೆ. ಎಲ್ಲರೂ ಮತ್ತೆ ಬಾವಿಗೆ ಹೋದರು. ನೀಲವ್ವನನ್ನು ಎತ್ತಿನ ಗಾಡಿಯಲ್ಲಿ ಅಸೂಟಿಯ ಅತ್ತೆಯ ಮನೆಗೆ ಕಳಿಸಿದರು. ಎಂಟು ದಿನದಲ್ಲಿ ಉಂಡದ್ದು ನಿಲ್ಲತೊಡಗಿತಂತೆ. ಹೆಣ್ಣು ಕೂಸು ಹುಟ್ಟಿತು, ಸಣ್ಣದು, ಆದರೆ ಜೀವ ಗಟ್ಟಿ.

ರೋಣಕ್ಕೆ ಮರಳುವಾಗ ಬಸ್ಸಿನಲ್ಲಿ ಸಾಹೇಬರು ಎಂದೂ ಆಡದಷ್ಟು ಮಾತಾಡಿದರು.

"ನಮ್ಮ ಕಡೆ ಹೊಳೆ ಸಮುದ್ರ ಸೇರೋ ಜಾಗಕ್ಕೆ ಅಳಿವೆ ಅಂತಾರೆ ಶಂಕ್ರಪ್ಪ. ಉಪ್ಪು ನೀರು, ಸಿಹಿ ನೀರು ಎರಡೂ ಬೆರೆಯೋ ಜಾಗ. ದೋಣಿ ತಳಕ್ಕೆ ಚಿಪ್ಪು ಹತ್ತಬಾರದು ಅಂತ ತಾಮ್ರದ ಬಣ್ಣ ಬಳೀತಾರೆ. ಹಳೇದನ್ನು ಕೆರೆದು ಅಲ್ಲೇ ನೀರಿಗೆ ಬಿಡ್ತಾರೆ. ನಾನು ಹೊಸಬ ಇದ್ದಾಗ ಆ ನೀರು ಪರೀಕ್ಷೆ ಮಾಡಿದ್ದೆ. ಊರಿನ ಹೊಲಸೆಲ್ಲ ಬಂದು ಬೀಳ್ತದೆ, ಆದ್ರೂ ದೋಣಿ ಕಟ್ಟೋ ದಂಡೆ ಹತ್ರ ಹುಳ ಇಲ್ಲ. ಸಮುದ್ರದ ಉಪ್ಪು ಕೊಂದಿರಬೇಕು ಅಂತ ಬರೆದುಬಿಟ್ಟೆ. ಎದುರು ದಂಡೇಲಿ ಅದೇ ಉಪ್ಪು ಇತ್ತು, ಹುಳಾನೂ ಇತ್ತು ಮಾರಾಯ! ನೋಡಿದ್ದೆ. ಆದ್ರೆ ಲಕ್ಷ್ಯ ಕೊಡಲಿಲ್ಲ. ಆ ದಂಡೆ ಚಿಪ್ಪಿಕಲ್ಲು, ಅಂದ್ರೆ ಚಿಪ್ಪಿನೊಳಗಿನ ಮಾಂಸ, ತಿಂದವರು ಏನಾದ್ರೋ, ನಾ ಕೇಳಲೇ ಇಲ್ಲ."

ಸಮುದ್ರವನ್ನೇ ನೋಡದ ನನಗೆ ಅಳಿವೆ ಕಣ್ಣಿಗೆ ಕಟ್ಟಲಿಲ್ಲ. ಹೊಲಸು ಇರುವಲ್ಲಿ ಹುಳ ಇಲ್ಲದಿದ್ದರೆ ಹೆದರಬೇಕು ಎಂಬುದಷ್ಟೇ ತಲೆಯಲ್ಲಿ ಕೂತಿತು. ಅದನ್ನು ಪಾಠವೆಂದು ತಿಳಿದೆ.

ಬಸಲಿಂಗಪ್ಪ ಮೋರಿ ತಿರುಗಿಸಿ ಬೇರೆ ಕಡೆ ಇಂಗುಗುಂಡಿ ತೋಡಿದ. ಊರವರು ಹೊಂಡ ಬತ್ತಿಸಿದರು. ಮುಂದಿನ ಮಳೆಗೆ ಹೊಸ ನೀರು ತುಂಬಿತು. ಅದು ರಾಜ್ಯಗಳು ಒಂದಾದ ವರ್ಷ. ನಾವು ಮೈಸೂರಿಗೆ ಸೇರಿದೆವು, ನಾಡಕರ್ಣಿ ಡಾಕ್ಟರಿಗೆ ವರ್ಗವಾಯಿತು. ನಾನೊಬ್ಬನೇ ಹೋಗಿ ಹೊಸ ನೀರು ತಂದೆ. ಕೊಳವೆಗಳೆಲ್ಲ ಹಳದಿ! ಗಾಳಿಗುಳ್ಳೆ ತುಂಬಿಕೊಂಡಿತ್ತು. ಹಳದಿ ಬಣ್ಣ ಕಂಡು ನನ್ನಷ್ಟು ಸಂತೋಷಪಟ್ಟವರು ಈ ನೌಕರಿಯಲ್ಲಿ ಇರಲಿಕ್ಕಿಲ್ಲ. ಹುಳ ಬದುಕಿವೆ ಎಂದ ಮೇಲೆ ತಾಮ್ರ ಹೋಗಿದೆ ಎಂದು ತಿಳಿದೆ. ಅಮೋನಿಯಾ ಹಾಕಿ ನೋಡುವ ಗೋಜಿಗೇ ಹೋಗಲಿಲ್ಲ. ಗಂಗವ್ವನ ಮನೆಗೆ ಹೋಗಿ ಹೇಳಿದೆ, "ಈಗ ಇದು ಎಲ್ಲಾ ಹೊಂಡದ ಹಂಗ ಆಗೇತಿ ಯವ್ವಾ. ಕುದಿಸಿ ಕುಡೀರಿ, ಏನೂ ಆಗಂಗಿಲ್ಲ."

ಕುದಿಸಿದರೆ ಹುಳ ಸಾಯುತ್ತದೆ. ತಾಮ್ರ ಸಾಯುತ್ತದೆಯೇ?

ಎರಡು ತಿಂಗಳಿಗೆ ಮತ್ತೆ ವಾಂತಿ. ಈ ಸಲ ಹಾಸಿಗೆ ಹಿಡಿದವಳು ಗಂಗವ್ವನೇ. ನಾನು ಹೋದಾಗ ಆಕೆಗೆ ಏಳಲಾಗಲಿಲ್ಲ. ಕಣ್ಣು ತೆರೆದು ನನ್ನನ್ನು ನೋಡಿ ಮಗ್ಗಲು ಬದಲಿಸಿದಳು. ನೀರು ತಂದು ಕಾಸಿ ಅಮೋನಿಯಾ ಹಾಕಿದೆ. ನೀಲಿ. ಹೊಂಡದ ತಳದ ಕೆಸರು ಇಷ್ಟು ವರ್ಷ ಕುಡಿದಿದ್ದ ತಾಮ್ರವನ್ನು ಹೊಸ ನೀರಿಗೆ ಬಿಡುತ್ತಿತ್ತು ಎಂದು ಕಾಣುತ್ತದೆ. ಅದು ಹೇಗೋ ತಿಳಿಯಿತು. ತಿಳಿಯದ್ದು ಇನ್ನೊಂದು. ಅದೇ ತಾಮ್ರ ಇದ್ದಾಗ ಹೋದ ವರ್ಷ ಬಾಯಿ ಕಟ್ಟಿಕೊಂಡು ಕೂತಿದ್ದ ಹುಳ ಈ ವರ್ಷ ಹೇಗೆ ಬೆಳೆದವು?

ಎರಡು ಸಾಲು ಕೊಳವೆ ಇಟ್ಟೆ. ಒಂದರಲ್ಲಿ ಆಫೀಸಿನ ಬಾವಿಯ ಹುಳ, ಒಂದರಲ್ಲಿ ಹೊಂಡದ ಹುಳ. ಎರಡಕ್ಕೂ ಒಂದೇ ಅಳತೆಯ ಮೈಲುತುತ್ತದ ನೀರು. ಬಾವಿಯವು ಸತ್ತವು. ಹೊಂಡದವು ಏನೂ ಆಗಿಲ್ಲವೆಂಬಂತೆ ಬೆಳೆದವು. ಹೊಸ ಸಾಹೇಬರಿಗೆ ತೋರಿಸಿದೆ. ಅವರು ಚಷ್ಮಾ ತೆಗೆದು ನಕ್ಕರು.

"ಕೊಳವೆ ಮೇಲಿನ ಚೀಟಿ ಅದಲು ಬದಲು ಮಾಡೀರಿ ನೀವು. ವಿಷ ಕುಡಿದು ಬದುಕೋ ಹುಳ ಎಲ್ಲಿಂದ ಬರತದ್ರಿ?"

ನನಗೂ ಅದೇ ಅನುಮಾನ ಹತ್ತಿತು. ದವಾಖಾನೆಯ ಕಂಪೌಂಡರನನ್ನು ಕರೆದು, ಆತನ ಕೈಯಿಂದಲೇ ಚೀಟಿ ಹಚ್ಚಿಸಿ, ಯಾವುದು ಯಾವುದೆಂದು ನನಗೆ ಹೇಳಬೇಡ ಎಂದೆ. ಎರಡು ದಿನದ ಮೇಲೆ ಆತ ಓದಿದ. ಮತ್ತೆ ಅದೇ. ಸಾಹೇಬರು ಫೈಲು ಮುಚ್ಚಿಟ್ಟರು. ಈಗ ಹೊಸದಾಗಿ ಸೇರಿದ ನೀವು ಹೇಳುತ್ತೀರಿ, ಕಾರ್ಖಾನೆಯ ನೀರು ಬೀಳುವ ಅಳಿವೆಗಳಲ್ಲಿ ಇಂಥ ಹುಳ ಎಷ್ಟೋ ಸಿಗುತ್ತವೆ, ಲೋಹವನ್ನು ಹೊರಗೆ ದಬ್ಬುವ ಯುಕ್ತಿಯನ್ನು ಒಂದು ಇನ್ನೊಂದಕ್ಕೆ ದಾಟಿಸುತ್ತದೆ ಎಂದು. ಇರಬಹುದು. ಅಂದು ಹೇಳುವವರು ಯಾರೂ ಇರಲಿಲ್ಲ. ಕಣ್ಣಿಂದ ಕಂಡದ್ದನ್ನು ನಂಬಬೇಕೋ ಬಿಡಬೇಕೋ ತಿಳಿಯದೆ ನಾನು ಊಟ ಬಿಟ್ಟು ಕೂತದ್ದುಂಟು.

ಚಾವಡಿಯಲ್ಲಿ ಊರವರನ್ನು ಕೂಡಿಸಿ, ಹೊಂಡದ ನೀರು ಬೇಡವೇ ಬೇಡ ಎಂದೆ. ವೀರಭದ್ರಪ್ಪ ಅಂಗಡಿ ಬಿಟ್ಟು ಬಂದಿದ್ದ. ಆತನೇ ಎದ್ದು ನಿಂತ.

"ಹುಳ ಇಲ್ಲಂದಾಗ ಕುಡೀರಿ ಅಂದ್ರಿ, ಕೆಟ್ಟಿವಿ. ಹುಳ ಐತಿ ಅಂದಾಗೂ ಕುಡೀರಿ ಅಂದ್ರಿ, ಮತ್ತೂ ಕೆಟ್ಟಿವಿ. ಈಗ ಹುಳ ಇದ್ರೂ ಬ್ಯಾಡ, ಇಲ್ಲದಿದ್ರೂ ಬ್ಯಾಡ ಅಂತೀರಿ. ಯಾವುದು ಖರೇರಿ?"

"ನನಗ ಪೂರ್ತಿ ತಿಳಿದಿಲ್ರಿ," ಎಂದೆ. "ಇದರಾಗ ತಾಮ್ರ ಐತಿ ಅನ್ನೂದಷ್ಟ ಖರೇ. ಮೊದಲ ತಿಳಿದೈತಿ ಅಂತ ಹೇಳಿದ್ದು ನನ್ನ ತಪ್ಪು."

ಬಸಲಿಂಗಪ್ಪ ಎದ್ದು, ತನ್ನ ಹಿತ್ತಲಿಗಿಂತ ಮೇಲೆ, ಗುಡ್ಡದ ಬುಡದಲ್ಲಿ ತನಗೆ ಒಂದು ತುಂಡು ಹೊಲವಿದೆ, ಅಲ್ಲಿ ಬಾವಿ ತೋಡೋಣ ಎಂದ. ಎರೆ ಮಣ್ಣಿಲ್ಲದ ಕಲ್ಲು ಭೂಮಿ, ನೀರು ಸಿಹಿ ಬಂದರೂ ಬರಬಹುದು. ಮಗ್ಗ ನಿಲ್ಲಿಸಿ ಜನ ತೋಡಿದರು. ರವಿವಾರ ನಾನೂ ಹೋಗಿ ಬುಟ್ಟಿ ಹೊತ್ತೆ. ವೀರಭದ್ರಪ್ಪ ಒಂದು ದಿನ ನನ್ನ ತಲೆಯ ಮೇಲೆ ಬುಟ್ಟಿ ಏರಿಸಿದ. ಈ ಸಲ ಮುಖ ತಿರುಗಿಸಲಿಲ್ಲ.

ನೀರು ಬಂತು, ಸಿಹಿಯಾಗಿಯೇ ಬಂತು. ಈ ಸಲ ನನಗೆ ಗೊತ್ತಿದ್ದ ಪರೀಕ್ಷೆಗಳನ್ನೆಲ್ಲ ಮಾಡಿದೆ. ಅಮೋನಿಯಾಕ್ಕೆ ನೀಲಿಯಾಗಲಿಲ್ಲ. ತೆಳ್ಳಗೆ ಮಾಡಿಯೂ ನೋಡಿದೆ, ಬೆರೆಸಿಯೂ ನೋಡಿದೆ. ನಮ್ಮ ಅವ್ವನಿಗೆ ಕೊಟ್ಟು ಅಂಬಲಿಯನ್ನೂ ಮಾಡಿಸಿದೆ, ಹುಳಿ ಬಂತು. ಕೊಳವೆಯಲ್ಲಿ ಒಂದೆರಡು ಹಳದಿ. ಬ್ಲೀಚಿಂಗ್ ಪುಡಿ ಹಾಕಿಸಿದ ಮೇಲೆ ಅವೂ ಹೋದವು. ಇಷ್ಟಾದರೂ ಊರಿಗೆ ಹೋಗಿ "ಕುಡೀರಿ" ಎನ್ನಲು ಬಾಯಿ ಬರಲಿಲ್ಲ. ನಾನು ಕಾಣದ ಇನ್ನೇನು ಇದೆಯೋ?

ಬಾವಿಯ ಹತ್ತಿರ ಹೆಂಗಸರು ಖಾಲಿ ಕೊಡ ಹಿಡಿದು ನಿಂತಿದ್ದರು. ಗಂಗವ್ವ ಕೋಲೂರಿಕೊಂಡು ಬಂದಿದ್ದಳು. ಇನ್ನೂ ಸೊರಗೇ ಇದ್ದಳು.

"ಏನ್ ತಮ್ಮಾ, ಕುಡೀಬೇಕೋ, ಬ್ಯಾಡೋ?"

"ನನಗ ಗೊತ್ತಿರೂ ಪರೀಕ್ಷಾ ಎಲ್ಲಾ ಮಾಡೇನಿ ಯವ್ವಾ. ಚಲೋ ಕಾಣತೈತಿ. ಆದರ..."

"ಆದರ ಗೀದರ ಬ್ಯಾಡ." ಆಕೆ ಒಂದು ಕೊಡ ನೀರು ಸೇದಿಸಿ, ಚರಿಗೆ ತುಂಬಿ ನನ್ನ ಕೈಗೆ ಕೊಟ್ಟಳು. "ಕುಡಿ."

ಕುಡಿದೆ. ತಂಪಾಗಿತ್ತು. ಇಷ್ಟು ವರ್ಷ ಆ ಊರಿನ ನೀರನ್ನು ಬಾಟ್ಲಿಗಟ್ಟಲೆ ಹೊತ್ತಿದ್ದೆ, ಬಾಯಿಗೆ ಹಾಕಿದ್ದು ಅಂದೇ ಮೊದಲು ಎಂಬುದು ಕುಡಿಯುವಾಗ ಹೊಳೆಯಿತು. ಆಕೆ ಚರಿಗೆಯನ್ನು ಮತ್ತೆ ತುಂಬಿದಳು. ಅದನ್ನೂ ಕುಡಿದೆ.

"ಇನ್ನೊಂದ ಕೊಡ ಕೊಡತೇನಿ, ಮನಿಗೆ ಒಯ್ದ ಮೂರ ದಿನ ಇದನ್ನಽ ಕುಡಿ. ನಾಕನೇ ದಿನ ಬಂದ ನಿನ್ನ ಮಾರಿ ತೋರಸು. ಆಮ್ಯಾಲ ನೋಡೂಣು."

ತುಂಬಿದ ಕೊಡವನ್ನು ತೊಡೆಯ ಮೇಲಿಟ್ಟುಕೊಂಡು ರೋಣದವರೆಗೆ ಬಸ್ಸಿನಲ್ಲಿ ಬಂದೆ. ಮೂರು ದಿನ ಅದನ್ನೇ ಕುಡಿದೆ. ಎರಡನೆಯ ದಿನ ಹೊಟ್ಟೆಯಲ್ಲಿ ತುಸು ಗುಡುಗುಡು ಎಂದಾಗ ನಾನು ಪಟ್ಟ ಹೆದರಿಕೆ ನನಗೇ ಗೊತ್ತು. ಅದು ಹಿಂದಿನ ರಾತ್ರಿ ತಿಂದ ಹೀರೇಕಾಯಿ ಬಜಿಯದು, ಸಂಜೆಗೆ ನಿಂತಿತು.

ನಾಲ್ಕನೆಯ ದಿನ ಮುಂಜಾನೆ ಬಸ್ಸಿಳಿದು ಬಾವಿಯ ಕಡೆ ನಡೆದೆ. ಗಂಗವ್ವ ದೂರದಿಂದಲೇ ಕಣ್ಣಿಗೆ ಕೈ ಅಡ್ಡ ಹಿಡಿದು ನನ್ನನ್ನು ನೋಡಿದಳು. ನಾನು ಹತ್ತಿರ ಬರುವವರೆಗೂ ಕಾಯಲಿಲ್ಲ. ಪಕ್ಕದವಳ ಕೈಯಿಂದ ಹಗ್ಗ ತೆಗೆದುಕೊಂಡು ತಾನೇ ಕೊಡವನ್ನು ಬಾವಿಗೆ ಬಿಟ್ಟಳು.